ಹೆರಿಗೆ ರಜೆ: ಕೆಲಸ ಬಿಡದೆ, ಸಾಲ ಮಾಡದೆ

ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕ್, ಬಾಶೆಟ್ಟಿಹಳ್ಳಿ, ನೆಲಮಂಗಲದ ದಾಬಸ್‌ಪೇಟೆ, ಹೊಸಕೋಟೆಯ ಪಿಳ್ಳಗುಂಪೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳು ಬಸುರಿಯಾದೊಡನೆ ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು ಮನೆ ಸೇರುತ್ತಾರೆ. ಮಗು ಬೆಳೆದ ಮೇಲೆ ಇನ್ನೆಲ್ಲೋ ಹೊಸಬರಾಗಿ ಸೇರುತ್ತಾರೆ. ಹೀಗೆ ಹೆರಿಗೆ ರಜೆಯನ್ನು ಕಳೆದುಕೊಳ್ಳುವುದು ಬೇಡ. ಕೈಲಿ ಕಾಸು ಕಡಿಮೆ ಇರುವವರಿಗೇ ಈ ರಜೆ ಹೆಚ್ಚು ಬೇಕು.

1. ರಾಜೀನಾಮೆ ಬೇಡ, ರಜೆ ಅರ್ಜಿ ಕೊಡಿ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ರಜೆಯಲ್ಲಿರುವಾಗ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ. ಗ್ರಾಚ್ಯುಟಿಗೂ ಈ ಅವಧಿ ಸೇವೆಯೆಂದೇ ಲೆಕ್ಕ. ಅರ್ಜಿಯ ಒಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.

2. ಪೇ ಸ್ಲಿಪ್ ತೆಗೆದು ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ? 14,000 ರೂಪಾಯಿ ಸಂಬಳಕ್ಕೆ ನಿಮ್ಮ ಪಾಲು ಶೇ. 0.75, ಅಂದರೆ 105 ರೂಪಾಯಿ. ಅದರ ಬಲದಿಂದ 26 ವಾರಕ್ಕೆ ಹತ್ತಿರ ಹತ್ತಿರ 84,000 ರೂಪಾಯಿ ಇಎಸ್‌ಐ ನಿಗಮದಿಂದ ನಿಮ್ಮ ಖಾತೆಗೆ ಬರುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಇಎಸ್‌ಐ ಇಲ್ಲದಿದ್ದರೆ ಮಾಲೀಕರೇ ಕೊಡಬೇಕು; ಅದಕ್ಕೆ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು.

3. ಎರಡು ತಿಂಗಳ ಖರ್ಚು ಬೇರೆ ಇಡಿ. ಹೆರಿಗೆ ರಜೆಯ ಹಣ ಸಂಬಳದಂತೆ ತಿಂಗಳ ಮೊದಲ ವಾರಕ್ಕೇ ಬರುತ್ತದೆಂದು ನಂಬಿ ಕೂರಬೇಡಿ. ಬಾಡಿಗೆ, ರೇಷನ್, ಸಂಘದ ಕಂತು ಎಷ್ಟೆಂದು ಬರೆದು, ಐದನೇ ತಿಂಗಳಿನಿಂದಲೇ ಕೂಡಿಡಿ. ಸೀಮಂತವನ್ನು ಮನೆಮಟ್ಟಿಗೆ ಮಾಡಿ. ಒಡವೆ ಅಡವಿಟ್ಟು ಊಟ ಹಾಕಿಸುವುದು ಬೇಡ.

4. ಹೆರಿಗೆಗೆ ಸಾಲ ಮಾಡಬೇಡಿ. ತಾಯಿ ಕಾರ್ಡ್ ಬೇಗ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯೂ ಸಿಸೇರಿಯನ್ನೂ ಉಚಿತ. ಔಷಧಿ, ಊಟ, ರಕ್ತವೂ ಅಷ್ಟೇ. ಇಎಸ್‌ಐ ಇದ್ದವರಿಗೆ ರಾಜಾಜಿನಗರ, ಪೀಣ್ಯದ ಇಎಸ್‌ಐ ಆಸ್ಪತ್ರೆಗಳೂ ಇವೆ.

5. ಮನೆಯಲ್ಲೇ ಮಗ್ಗ ನಡೆಸುವವರು ಅಂಗನವಾಡಿಗೆ ಹೋಗಿ. ದೊಡ್ಡಬಳ್ಳಾಪುರದ ಎಷ್ಟೋ ನೇಕಾರ ಹೆಣ್ಣುಮಕ್ಕಳಿಗೆ ಸಂಬಳದ ರಜೆಯಿಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ. ಬಿಪಿಎಲ್ ಕಾರ್ಡ್, ಆಧಾರ್, ತಾಯಿ ಕಾರ್ಡ್ ಜೊತೆಗಿರಲಿ. ಮಾತೃಪೂರ್ಣ ಯೋಜನೆಯ ಬಿಸಿಯೂಟವನ್ನೂ ಬಿಡಬೇಡಿ.

6. ರಜೆಯ ಹೆಚ್ಚು ಭಾಗ ಮಗುವಿಗೆ ಉಳಿಸಿ. 26 ವಾರದ ರಜೆಯಲ್ಲಿ ಹೆರಿಗೆಗೆ ಮುಂಚೆ 8 ವಾರದವರೆಗೆ ತೆಗೆದುಕೊಳ್ಳಬಹುದು. ಡಾಕ್ಟರ್ ಒಪ್ಪಿದರೆ 3 ವಾರ ಮುಂಚೆ ಹೊರಡಿ. ಬಾಣಂತನಕ್ಕೆ 23 ವಾರ ಉಳಿಯುತ್ತದೆ. ಮೈಯಲ್ಲಿ ಆಗದಿದ್ದರೆ ಮಾತ್ರ ಈ ಲೆಕ್ಕ ಬಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ.

7. ಮಗುವನ್ನು ನೋಡಿಕೊಳ್ಳುವವರು ಯಾರೆಂದು ಮೊದಲೇ ಗೊತ್ತುಮಾಡಿ. 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು. ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಬಹುದು. ನಿಮ್ಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಇದೆಯೇ, ನಿಮ್ಮ ಮಗುವನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಅಲ್ಲಿ 6 ತಿಂಗಳಿಂದ 3 ವರ್ಷದ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅಮ್ಮ ಅಥವಾ ಅತ್ತೆ ಬಂದಿರುವುದಾದರೆ, ಶಕ್ತಿ ಯೋಜನೆಯಿಂದ ಅವರ ಸರ್ಕಾರಿ ಬಸ್ ಖರ್ಚೂ ಇಲ್ಲ.

8. ಕೆಲಸಕ್ಕೆ ಮರಳುವ ಹದಿನೈದು ದಿನ ಮುಂಚೆ ಅಭ್ಯಾಸ ಶುರುಮಾಡಿ. ಕೈ ತೊಳೆದು, ಕುದಿಸಿದ ಸ್ಟೀಲ್ ಲೋಟಕ್ಕೆ ಎದೆಹಾಲು ಹಿಂಡಿ ಮುಚ್ಚಿಡಿ. ತಂಪಾದ ಕೋಣೆಯಲ್ಲಿ 4 ಗಂಟೆ ಇಡಬಹುದು. ಬೇಸಿಗೆಯಲ್ಲಿ ಫ್ರಿಜ್ಜೇ ಸರಿ. ಅಜ್ಜಿ ಅದನ್ನು ಒಳಲೆಯಲ್ಲಿ ಕುಡಿಸಲಿ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ರಾಗಿ ಸರಿ ಕೊಡಿ.

9. ಕೆಲಸಕ್ಕೆ ಮರಳಿದ ಮೇಲೆ ಮೂರು ತಿಂಗಳು ತಾಳಿಕೊಳ್ಳಿ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ 2 ಸಲ ಹಾಲುಣಿಸಲು ಬಿಡುವು ಕೊಡಬೇಕೆಂಬುದು ಕಾನೂನು. ಅದನ್ನು ಸೂಪರ್‌ವೈಸರ್‌ಗೆ ಮೊದಲ ದಿನವೇ ಹೇಳಿ. ಆರಂಭದಲ್ಲಿ ಓಟಿ ಒಪ್ಪಿಕೊಳ್ಳಬೇಡಿ. ನಿದ್ದೆಗೆಟ್ಟ ಮೊದಲ ವಾರಗಳಲ್ಲಿ ಕೆಲಸ ಬಿಡುವ ತೀರ್ಮಾನ ಮಾಡಬೇಡಿ. ಮೂರು ಸಂಬಳ ಕೈಗೆ ಬರಲಿ, ಮಗು ಹೊಂದಿಕೊಳ್ಳಲಿ. ಆಮೇಲೆ ಮನೆಯವರೊಂದಿಗೆ ಕೂತು ನಿರ್ಧರಿಸಿ.