ಸರಾಸರಿಯೊಂದನ್ನೇ ನಂಬಬಹುದೇ?

ವ್ಯಾಪಾರದ ನಿರ್ಧಾರಗಳಲ್ಲಿ ಸಂಖ್ಯಾಶಾಸ್ತ್ರದ ಉಪಯೋಗವನ್ನು ಅರಿಯಲು ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸೋಣ. ಮುಂಬಯಿಯ ಮಾಟುಂಗಾದಲ್ಲಿರುವ ಒಂದು ಉಡುಪಿ ಹೋಟೆಲಿನಲ್ಲಿ ಸೋಮವಾರದಿಂದ ಭಾನುವಾರದವರೆಗೆ ಮಾರಾಟವಾದ ಇಡ್ಲಿ ತಟ್ಟೆಗಳ ಸಂಖ್ಯೆ ಕ್ರಮವಾಗಿ 190, 180, 200, 195, 205, 210 ಮತ್ತು 640 ಎಂದಿಟ್ಟುಕೊಳ್ಳಿ. ಒಟ್ಟು 1,820, ಸರಾಸರಿ 260. ಇದನ್ನೇ ಆಧರಿಸಿ ಪ್ರತಿದಿನ 260 ತಟ್ಟೆಗಳಿಗಾಗುವಷ್ಟು ಹಿಟ್ಟನ್ನು ರುಬ್ಬಿಸಿದರೆ ಆರು ದಿನಗಳಲ್ಲಿ ದಿನಕ್ಕೆ ಕನಿಷ್ಠ 50 ತಟ್ಟೆಗಳ ಹಿಟ್ಟು ಉಳಿಯುತ್ತದೆ. ಭಾನುವಾರ 380 ತಟ್ಟೆಗಳಷ್ಟು ಕೊರತೆ ಬೀಳುತ್ತದೆ.

ಈ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ನಿಲ್ಲುವುದು 200. ಇದೇ ಮಧ್ಯಾಂಕ. ಭಾನುವಾರದ ಮಾರಾಟ 1,000 ಆಗಿದ್ದರೂ ಇದು ಕದಲದು; ಸರಾಸರಿಯಾದರೋ ಸುಮಾರು 311ಕ್ಕೆ ಏರುತ್ತದೆ.

ಹಾಗೆಂದು ಮಧ್ಯಾಂಕವೇ ಪೂರ್ಣ ಉತ್ತರವಲ್ಲ. ಭಾನುವಾರವನ್ನು ಪ್ರತ್ಯೇಕವಾಗಿ ಲೆಕ್ಕಿಸಬೇಕು. ಅದಕ್ಕೆ ಒಂದೇ ವಾರದ ಅಂಕಿಅಂಶ ಸಾಲದು. ಇನ್ನೊಂದು ಸಂಗತಿ ಬಹುಮಂದಿಯ ಗಮನಕ್ಕೆ ಬಾರದು: ಗಲ್ಲಾಪೆಟ್ಟಿಗೆಯ ಲೆಕ್ಕವು ಮಾರಾಟವನ್ನು ತಿಳಿಸುತ್ತದೆಯೇ ಹೊರತು ಬೇಡಿಕೆಯನ್ನಲ್ಲ. ಇಡ್ಲಿ ಮುಗಿದ ಮೇಲೆ ಬಂದು ಹಿಂದಿರುಗಿದ ಗಿರಾಕಿ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಆದ್ದರಿಂದ ಇಡ್ಲಿ ಎಷ್ಟು ಗಂಟೆಗೆ ಮುಗಿಯಿತೆಂಬುದನ್ನೂ ಪ್ರತಿದಿನ ಬರೆದಿಡುವುದು ಒಳಿತು.