ಒಂದು ಅಲ್ಪವಿರಾಮ, ಹನ್ನೊಂದು ವರ್ಷ

ಜೇಮ್ಸ್ ಕಸಿನ್ಸ್ ಎಂದರೆ ನಮ್ಮವರಿಗೆ ನೆನಪಾಗುವುದು ಒಂದೇ ಸಂಗತಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಈ ಐರಿಷ್ ಕವಿಗೆ ಕಾಲೇಜು ಹುಡುಗ ಪುಟ್ಟಪ್ಪ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಿದ್ದು, ತಾಯ್ನುಡಿಯಲ್ಲಿ ಬರೆಯುವಂತೆ ಆತ ಹೇಳಿ ಕಳಿಸಿದ್ದು. ಪುಟ್ಟಪ್ಪ ಕುವೆಂಪು ಆದರು, ಕಸಿನ್ಸ್ ನಮ್ಮ ಕಥೆಯಿಂದ ಆಚೆ ಹೋದರು. ನನ್ನ ಮಟ್ಟಿಗೆ ಅವರು ಮತ್ತೆ ಒಳಗೆ ಬಂದದ್ದು ನನ್ನ ಹೆಂಡತಿಗೆ ಪಾರ್ಶ್ವವಾಯು ಬಡಿದ ಮೇಲೆ.

ಬ್ಯಾಂಕಿನ ವರ್ಗಾವಣೆಯಲ್ಲಿ ಕೊಚ್ಚಿಗೆ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವರು ನಾವು. ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು ಅವಳ ಬಲಗೈ, ಬಲಗಾಲು, ಜೊತೆಗೆ ಮಾತು ಹೋಯಿತು. ತಪಾಸಣೆಗೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗೆ ನಸುಕಿನ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿ ಹೋಗುತ್ತಿದ್ದೆವು. ಒಮ್ಮೆ ಎರಡು ಪರೀಕ್ಷೆಗಳ ನಡುವೆ ಬಿಡುವು ಸಿಕ್ಕಿತು. ನಾದಿನಿಯನ್ನು ಅವಳ ಬಳಿ ಕೂರಿಸಿ ಮ್ಯೂಸಿಯಂ ಆವರಣದ ಶ್ರೀ ಚಿತ್ರಾ ಆರ್ಟ್ ಗ್ಯಾಲರಿಗೆ ಹೋದೆ. ಆಸ್ಪತ್ರೆಗೂ ಗ್ಯಾಲರಿಗೂ ಒಬ್ಬ ಮಹಾರಾಜರದೇ ಹೆಸರು. ಆಟೋದವನಿಗೆ ಎರಡೆರಡು ಸಲ ಹೇಳಬೇಕಾಯಿತು.

1935ರಲ್ಲಿ ಶುರುವಾದ ಆ ಗ್ಯಾಲರಿಯನ್ನು ಜೋಡಿಸಿಕೊಟ್ಟವರು ಇದೇ ಕಸಿನ್ಸ್. ಆಗ ಅವರು ತಿರುವಾಂಕೂರು ಸರ್ಕಾರದ ಕಲಾ ಸಲಹೆಗಾರರು. ರವಿವರ್ಮನ ಚಿತ್ರಗಳಿಗೆ ಈಗ ಪಕ್ಕದಲ್ಲೇ ಬೇರೆ ಕಟ್ಟಡ ಆಗಿದೆ; ನಾನು ಹೋದಾಗ ಮುಳ್ಳಿನ ನೆಪದಲ್ಲಿ ಹಿಂತಿರುಗಿ ನೋಡುವ ಶಕುಂತಲೆ ಹಳೇ ಕಟ್ಟಡದಲ್ಲೇ ಇದ್ದಳು. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಚಿತ್ರಕಾರ ರೋರಿಕ್‌ನ ಹಿಮಾಲಯ, ಆಮೇಲೆ ಜಪಾನು, ಚೀನಾ, ಬಾಲಿ. ಚಿಕ್ಕಂದಿನಲ್ಲಿ ದಸರೆಗೆಂದು ಹೋದಾಗಲೆಲ್ಲ ಸುತ್ತುತ್ತಿದ್ದ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ಅಣಿಯಾದದ್ದರ ಹಿಂದೆಯೂ ಈ ಮನುಷ್ಯನೇ ಇದ್ದರೆಂದು ಆವತ್ತು ತಿಳಿಯಿತು. ರಾತ್ರಿ ಆಸ್ಪತ್ರೆಯ ಹತ್ತಿರದ ಲಾಡ್ಜಿನಲ್ಲಿ ಕೂತು ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಮೊಬೈಲಿನಲ್ಲಿ ಓದಿದೆ.

ಓದುತ್ತಾ ಹೋದಂತೆ ಗಂಡನಿಗಿಂತ ಹೆಂಡತಿಯ ಕಥೆಯೇ ದೊಡ್ಡದು ಅನಿಸಿತು. ಬೆಲ್‌ಫಾಸ್ಟಿನ ಜೇಮ್ಸ್, ಸಂಗೀತ ಓದಿದ ಮಾರ್ಗರೆಟ್ 1903ರಲ್ಲಿ ಮದುವೆಯಾದರು. ಆಕೆ ಮಹಿಳಾ ಮತದಾನದ ಚಳವಳಿಗಿಳಿದು ಲಂಡನ್ನಿನಲ್ಲಿ, ಐರ್ಲೆಂಡಿನಲ್ಲಿ ಜೈಲಿಗೆ ಹೋದರೆ, ಈತ ಅದೇ ಚಳವಳಿಯ ‘ಐರಿಷ್ ಸಿಟಿಜನ್’ ಪತ್ರಿಕೆಯನ್ನು ಗೆಳೆಯನ ಜೊತೆ ಸೇರಿ ಶುರುಮಾಡಿದರು. 1915ರಲ್ಲಿ ಇಬ್ಬರೂ ಭಾರತಕ್ಕೆ ಬಂದರು. ಮರುವರ್ಷ ಡಬ್ಲಿನ್ನಿನ ಈಸ್ಟರ್ ದಂಗೆಯನ್ನು ಮೆಚ್ಚಿ ಬರೆದದ್ದಕ್ಕೆ ಜೇಮ್ಸ್ ಆನಿ ಬೆಸೆಂಟರ ಪತ್ರಿಕೆಯ ಕೆಲಸ ಬಿಡಬೇಕಾಯಿತು. ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜು ಸಿಕ್ಕಿತು. ಮಾರ್ಗರೆಟ್ ಇಲ್ಲೂ ಸುಮ್ಮನೆ ಕೂರಲಿಲ್ಲ. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದ್ದು ಅವರ ಓಡಾಟದಿಂದ. 1932ರಲ್ಲಿ ಸರ್ಕಾರದ ಸುಗ್ರೀವಾಜ್ಞೆಗಳ ವಿರುದ್ಧ ಮಾತಾಡಿ ವೆಲ್ಲೂರು ಜೈಲು ಸೇರಿದರು. ಜೇಮ್ಸ್ ಕವಿತೆ ಬರೆದರು, ಪಾಠ ಮಾಡಿದರು, ಚಿತ್ರಗಳನ್ನು ಗೋಡೆಗೇರಿಸಿದರು. 1937ರಲ್ಲಿ ಹಿಂದೂವಾಗಿ ಜಯರಾಮ ಎಂಬ ಹೆಸರಿಟ್ಟುಕೊಂಡರು. ಮಕ್ಕಳಿರಲಿಲ್ಲ. ಸಂಸಾರ ಎಂದರೆ ಅವರಿಬ್ಬರೇ.

ಆಮೇಲೆ ಮಾರ್ಗರೆಟ್ ಬಗ್ಗೆ ಆ ಸಾಲು ಬಂತು: 1943ರಲ್ಲಿ ಪಾರ್ಶ್ವವಾಯು, 1954ರಲ್ಲಿ ನಿಧನ. ಸಂಕ್ಷಿಪ್ತ ಪರಿಚಯಗಳಲ್ಲಿ ಅದು ಅಷ್ಟೇ ಇರುತ್ತದೆ. ಹನ್ನೊಂದು ವರ್ಷಕ್ಕೆ ಒಂದು ಅಲ್ಪವಿರಾಮ! ಮುಂಚೆ ಆಗಿದ್ದರೆ ನಾನೂ ಓದಿ ಮುಂದೆ ಹೋಗುತ್ತಿದ್ದೆ. ಈಗ ಆ ವಿರಾಮದೊಳಗೆ ಏನೇನು ಇರುತ್ತದೆಂದು ಗೊತ್ತು.

ರವಿಕೆ ತೊಡಿಸುವಾಗ ಬಿದ್ದುಹೋದ ಕೈಯನ್ನು ಮೊದಲು ತೂರಿಸಬೇಕು. ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯುವಂತಿಲ್ಲ, ಭುಜದ ಕೀಲು ಜಾರುತ್ತದೆ. ಊಟ ತೀರಾ ನೀರಾಗಿದ್ದರೆ ನೆತ್ತಿಗೇರುತ್ತದೆ. ರಾಗಿ ಗಂಜಿಯನ್ನು ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ ಮಾಡಿ, ಗಲ್ಲ ಕೊಂಚ ತಗ್ಗಿಸಿ, ಸಣ್ಣ ತುತ್ತಾಗಿ ಕೊಡಬೇಕು. ಒಂದೇ ಮಗ್ಗುಲಲ್ಲಿ ಮಲಗಿಸಿದರೆ ಹಾಸಿಗೆಹುಣ್ಣು, ಹಾಗಾಗಿ ರಾತ್ರಿಯೂ ಎದ್ದು ಮಗ್ಗುಲು ಬದಲಿಸಬೇಕು. ಲೆಡ್ಜರಿನ ಮುಂದೆ ಕೂತು ಬೆಳೆದ ಕೈಗೆ ಇದೆಲ್ಲ ಹೊಸದು. ಕಲಿಸಿದ್ದು ಎರ್ನಾಕುಳಂನ ಒಬ್ಬ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು, ಬೈದು ಬೈದು. ಇಲ್ಲಿನ ಮರೀನ್ ಡ್ರೈವಿನ ನಡಿಗೆಹಾದಿಯಲ್ಲಿ ನನ್ನ ಹೆಂಡತಿ ಮತ್ತೆ ಹೆಜ್ಜೆ ಹಾಕಿದ್ದೂ ಆಕೆಯ ಗದರಿಕೆಯಿಂದಲೇ.

ಮಾತಿನ ಪಾಠ ಬೇರೆಯೇ. ನಮ್ಮ ಸ್ಪೀಚ್ ಥೆರಪಿಸ್ಟ್ ಮಲಯಾಳಿ. ಮೊದಲ ದಿನವೇ, ನಿಮ್ಮ ಮನೆಮಾತಲ್ಲಿ ಮಾಡಿಸಿ, ಅದನ್ನು ಮಾಡಿಸಬೇಕಾದವರು ನೀವೇ ಎಂದುಬಿಟ್ಟರು. ನನಗೆ ಕುವೆಂಪು ಪ್ರಸಂಗ ನೆನಪಾಗಿ ನಗು ಬಂತು. ಇಂಥ ಪೆಟ್ಟಿನಲ್ಲಿ ಸ್ವಂತ ಮಾತು ಕಟ್ಟುವ ಶಕ್ತಿ ಹೋದರೂ ಎಣಿಕೆ, ಹಾಡಿನಂಥ ಬಾಯಿಪಾಠದ ಸರಕು ಎಷ್ಟೋ ಜನರಲ್ಲಿ ಉಳಿದಿರುತ್ತದಂತೆ. ನನ್ನ ಹೆಸರು ಬಾರದ ಅವಳ ಬಾಯಲ್ಲಿ ಒಂದರಿಂದ ಹತ್ತು ಸರಾಗ ಬಂತು. ಶಾಲೆಯಲ್ಲಿ ಕಲಿತದ್ದೇನಾದರೂ ಹಾಡಿಸಿ ಎಂದರು. ದಾಸರ ಪದಕ್ಕಿಂತ ಮುಂಚೆ ಹೊರಟದ್ದು ‘ಜನಗಣಮನ’, ಅರ್ಧಕ್ಕಿಂತ ಹೆಚ್ಚು. 1919ರಲ್ಲಿ ಟ್ಯಾಗೋರರು ಮದನಪಲ್ಲಿಗೆ ಬಂದಿದ್ದಾಗ ಆ ಹಾಡಿಗೆ ಸ್ವರಲಿಪಿ ಹಾಕಿದ್ದು ಮಾರ್ಗರೆಟ್ ಕಸಿನ್ಸ್. ಇದನ್ನು ಹೇಳಿದಾಗ ನನ್ನ ಹೆಂಡತಿ ಅಂಥ ಉತ್ಸಾಹವನ್ನೇನೂ ತೋರಲಿಲ್ಲ. ಅವಳಿಗೆ ಆಗ ಕಾಫಿ ಬೇಕಿತ್ತು.

ಮಾರ್ಗರೆಟ್ ಕಾಯಿಲೆ ಬಿದ್ದಾಗ ಜೇಮ್ಸರಿಗೆ ಎಪ್ಪತ್ತು. ಹಣದ ಮುಗ್ಗಟ್ಟಿಗೆ ಮದರಾಸು ಸರ್ಕಾರ, ಆಮೇಲೆ ನೆಹರೂ ನೆರವಾದರು. ಇಬ್ಬರೂ ಸೇರಿ ಬರೆದ ಆತ್ಮಕಥೆ ‘ವಿ ಟೂ ಟುಗೆದರ್’ ಹೊರಬಂದದ್ದು 1950ರಲ್ಲಿ, ಅಂದರೆ ಆ ಹನ್ನೊಂದು ವರ್ಷಗಳ ನಡುವೆಯೇ. ಒಮ್ಮೆ ಇವರು, ಒಮ್ಮೆ ಅವರು ಕಥೆ ಮುಂದುವರಿಸುವ ಪುಸ್ತಕ ಅದು. ಜಾಯ್ಸನ ‘ಯುಲಿಸಿಸ್’ ಕಾದಂಬರಿಯಲ್ಲಿ ಸಾಲದ ಪಟ್ಟಿಯಲ್ಲೊಂದು ಹೆಸರಾಗಿ ಉಳಿದ ಕಸಿನ್ಸ್‌ಗಿಂತ, ಅವರ ಕವಿತೆಗಿಂತಲೂ, ಈ ಕಸಿನ್ಸ್ ನನಗೆ ದೊಡ್ಡವರು. ಹೆಂಡತಿ ಹೋದ ಎರಡು ವರ್ಷಕ್ಕೆ, 1956ರಲ್ಲಿ, ಅವರೂ ಮದನಪಲ್ಲಿಯಲ್ಲಿ ತೀರಿಕೊಂಡರು.

ಊರಿನವರು, ಫ್ಲಾಟಿನವರು ನನ್ನನ್ನು ಬಹಳ ಹೊಗಳುತ್ತಾರೆ. ಇಂಥ ಗಂಡ ಸಿಗುವುದು ಪುಣ್ಯ ಅನ್ನುತ್ತಾರೆ, ಅವಳ ಎದುರಿಗೇ. ಒಂದು ಸಲ ಅವಳು ಎಡಗೈಯಿಂದ ಎದೆ ತಟ್ಟಿಕೊಂಡು, ಗೋಡೆಯ ಮೇಲಿನ ನನ್ನ ಅಮ್ಮನ ಫೋಟೋ ತೋರಿಸಿ, ‘ನಾನೂ’ ಅಂದಳು. ಅಮ್ಮ ಹಾಸಿಗೆ ಹಿಡಿದ ವರ್ಷಗಳಲ್ಲಿ ಮಗ್ಗುಲು ಬದಲಿಸಿದವಳು ಅವಳೇ. ಆಗ ಯಾರೂ ಪುಣ್ಯದ ಲೆಕ್ಕ ತೆಗೆದಿರಲಿಲ್ಲ. ಬಂದವರಿಗೆ ಅರ್ಥವಾಗಲಿಲ್ಲ. ಈಗ ಯಾರಾದರೂ ಹೊಗಳಲು ಬಾಯಿ ತೆರೆದರೆ, ಅವರ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ, ನೋಡಿಕೊಳ್ಳುತ್ತಿರುವವರು ಯಾರು ಎಂದು ಕೇಳಿ, ಫಿಸಿಯೋಥೆರಪಿಸ್ಟ್ ನಂಬರ್ ಕೊಟ್ಟು ಕಳಿಸುತ್ತೇನೆ.