ಒಬ್ಬರ ಭಾರಕ್ಕೆ ಮತ್ತೊಬ್ಬರ ಹೆಗಲು
(ಐರ್ಲೆಂಡ್ ದೇಶದ ಕಥೋಲಿಕ ಪಾದ್ರಿಗಳ ಸಂಘವನ್ನು ಕುರಿತ ಪಾಠ)

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 17:8–13, 1 ಅರಸುಗಳು 19:1–18, ಮಾರ್ಕ 6:7, 30–31, ಗಲಾತ್ಯ 6:1–5.



ಮನೆಯಲ್ಲಿ ರೋಗ ಬಂದರೆ ಸಭೆಯ ಜನರು ಬೋಧಕನನ್ನು ಕರೆಯುತ್ತಾರೆ. ಅಣ್ಣತಮ್ಮಂದಿರಲ್ಲಿ ಜಗಳ ಹುಟ್ಟಿದರೆ ಅವನನ್ನು ಕರೆಯುತ್ತಾರೆ. ಸತ್ತವರನ್ನು ಮಣ್ಣಿಗೆ ಒಪ್ಪಿಸುವಾಗ ಅವನ ಬಾಯಿಂದ ಆದರಣೆಯ ಮಾತು ಬರಬೇಕೆಂದು ಕಾದಿರುತ್ತಾರೆ. ಇದು ಯೋಗ್ಯವೇ. ಆದರೆ ಆ ಬೋಧಕನ ಮನಸ್ಸು ಕುಂದಿದಾಗ, ಅವನ ಮೇಲೆ ಅಪವಾದ ಬಂದಾಗ, ಅವನು ಮುದುಕನಾಗಿ ಬಲಗುಂದಿದಾಗ, ಅವನು ಯಾರನ್ನು ಕರೆಯಬೇಕು? ಈ ಪ್ರಶ್ನೆಯನ್ನು ನಾವು ಅಪರೂಪವಾಗಿ ಕೇಳುತ್ತೇವೆ.

ಐರ್ಲೆಂಡ್ ದೇಶದ ಕಥೋಲಿಕ ಪಾದ್ರಿಗಳು 2010ನೆಯ ಇಸವಿಯಲ್ಲಿ ಈ ಪ್ರಶ್ನೆಯನ್ನು ಕೇಳಿ, ಅದಕ್ಕೆ ಉತ್ತರವಾಗಿ ದೇಶಕ್ಕೆಲ್ಲಾ ಒಂದಾದ ಸಂಘವನ್ನು ಕಟ್ಟಿದರು. ಉಪದೇಶದ ಕೆಲವು ಮಾತುಗಳಲ್ಲಿ ಅವರಿಗೂ ನಮಗೂ ಭೇದವುಂಟು. ಆದರೂ ಮಂದೆಯನ್ನು ಕಾಯುವವನ ಆಯಾಸವು ಎಲ್ಲಾ ಸಭೆಗಳಲ್ಲಿಯೂ ಒಂದೇ. ಆದುದರಿಂದ ಅವರ ಸಂಗತಿಯನ್ನು ಪಕ್ಷಪಾತವಿಲ್ಲದೆ ವಿಚಾರಿಸೋಣ.

1. ವೇದದಲ್ಲಿರುವ ಮಾದರಿಗಳು

ದೇವರ ಸೇವಕನು ಒಂಟಿಯಾಗಿ ದುಡಿಯಬೇಕೆಂದು ವೇದವು ಎಲ್ಲಿಯೂ ಹೊಗಳುವದಿಲ್ಲ. ಅಮಾಲೇಕ್ಯರ ಸಂಗಡ ಯುದ್ಧವಾದ ದಿವಸ ಮೋಶೆಯ ಕೈಗಳು ಸೋತುಹೋದವು. ಆಗ ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕೂಡ್ರಿಸಿ ಎರಡು ಪಕ್ಕಗಳಲ್ಲಿ ನಿಂತು ಆ ಕೈಗಳನ್ನು ಎತ್ತಿಹಿಡಿದರು. ಮೋಶೆಯ ಕೈ ಸೋತದ್ದು ಅವನ ಅವಿಶ್ವಾಸದ ಗುರುತೆಂದು ಅಲ್ಲಿ ಬರೆದಿಲ್ಲ. ಅವನು ಮನುಷ್ಯನಾಗಿದ್ದನು, ಅಷ್ಟೇ.

ಎಲೀಯನು ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಮರಣವನ್ನು ಬೇಡಿಕೊಂಡನು. ತಾನೊಬ್ಬನೇ ಉಳಿದಿದ್ದೇನೆಂಬದು ಅವನ ದುಃಖ. ದೇವರು ಮೊದಲು ಅವನಿಗೆ ನಿದ್ರೆಯನ್ನೂ ರೊಟ್ಟಿಯನ್ನೂ ಕೊಟ್ಟನು. ಅನಂತರ ಇಸ್ರಾಯೇಲಿನಲ್ಲಿ ಇನ್ನೂ ಏಳು ಸಾವಿರ ಮಂದಿ ಉಳಿದಿದ್ದಾರೆಂದು ತಿಳಿಸಿದನು. ಕರ್ತನು ತನ್ನ ಶಿಷ್ಯರನ್ನು ಕಳುಹಿಸಿದಾಗಲೂ ಇಬ್ಬಿಬ್ಬರನ್ನಾಗಿ ಕಳುಹಿಸಿದನು. ಅವರು ತಿರಿಗಿ ಬಂದಾಗ ವಿಶ್ರಾಂತಿಗೆ ಕರೆದನು. ಇಲ್ಲಿ ಮೂರು ಸಂಗತಿಗಳು ಕಾಣುತ್ತವೆ: ಸೇವಕನಿಗೆ ದಣಿವು ಉಂಟು, ಜೊತೆಗಾರರು ಬೇಕು, ವಿಶ್ರಾಂತಿಯೂ ಬೇಕು.

2. ಕಥೋಲಿಕ ಪಾದ್ರಿಯ ಜೀವನಸ್ಥಿತಿ

ನಮ್ಮ ಓದುಗರಲ್ಲಿ ಅನೇಕರು ಕಥೋಲಿಕ ಪಾದ್ರಿಯ ದಿನಚರಿಯನ್ನು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಐರ್ಲೆಂಡಿನ ಪಾದ್ರಿಯು ಹೆಂಡತಿಮಕ್ಕಳಿಲ್ಲದೆ ಜೀವಿಸುತ್ತಾನೆ. ಅಭಿಷೇಕದ ದಿವಸದಲ್ಲಿ ಬಿಷಪರಿಗೆ ವಿಧೇಯನಾಗಿರುವೆನೆಂದು ಮಾತು ಕೊಡುತ್ತಾನೆ. ಬಿಷಪರು ನೇಮಿಸಿದ ಧರ್ಮಕೇಂದ್ರಕ್ಕೆ ಹೋಗಿ ದೇವಾಲಯದ ಬದಿಯ ಮನೆಯಲ್ಲಿ ಇರುತ್ತಾನೆ. ಆ ಮನೆಯು ಅವನ ಸ್ವಂತದ್ದಲ್ಲ. ಅವನ ಅನ್ನ, ವಸತಿ, ಹೆಸರು, ಕೆಲಸ ಇವೆಲ್ಲವೂ ಒಂದೇ ಹಗ್ಗದಿಂದ ಕಟ್ಟಲ್ಪಟ್ಟಿವೆ.

ಪೂರ್ವದಲ್ಲಿ ಒಂದು ದೊಡ್ಡ ಧರ್ಮಕೇಂದ್ರದ ಮನೆಯಲ್ಲಿ ಇಬ್ಬರು ಮೂವರು ಪಾದ್ರಿಗಳು ಕೂಡಿ ಊಟಮಾಡುತ್ತಿದ್ದರು. 1795ರಲ್ಲಿ ಸ್ಥಾಪಿತವಾದ ಮೇನೂತ್ ಊರಿನ ಗುರುಮಠದಲ್ಲಿ ಒಂದು ಕಾಲಕ್ಕೆ ನೂರಾರು ಯೌವನಸ್ಥರು ಕಲಿಯುತ್ತಿದ್ದರು. ಬರಬರುತ್ತಾ ಕಲಿಯುವವರು ಬಹು ಕಡಿಮೆಯಾದರು. ಪಾದ್ರಿಗಳಲ್ಲಿ ಮುದುಕರೇ ಹೆಚ್ಚಾದರು. ಒಬ್ಬನಿಗೆ ಎರಡು ಮೂರು ದೇವಾಲಯಗಳ ಹೊಣೆ ಬಂತು. ಆದಿತ್ಯವಾರ ನೂರಾರು ಜನರ ಮುಂದೆ ನಿಂತವನು ಸೋಮವಾರ ಒಬ್ಬನೇ ಮೇಜಿನ ಮುಂದೆ ಕೂಡ್ರುವ ಸ್ಥಿತಿ ಉಂಟಾಯಿತು.

3. ದೇಶಕ್ಕೆ ಬಂದ ನಾಚಿಕೆ

ಈ ಒಂಟಿತನದ ಮೇಲೆ ಇನ್ನೊಂದು ಭಾರ ಬಂತು. 2009ನೆಯ ಮೇ ತಿಂಗಳಲ್ಲಿ ಒಂದು ವಿಚಾರಣಾ ಮಂಡಳಿಯ ವರದಿಯು ಪ್ರಕಟವಾಯಿತು. ಸಭೆಯ ಸನ್ಯಾಸ ಮಂಡಳಿಗಳು ನಡಿಸುತ್ತಿದ್ದ ಶಾಲೆಗಳಲ್ಲಿಯೂ ಪಾಲನಾಲಯಗಳಲ್ಲಿಯೂ ಮಕ್ಕಳು ಬಹುಕಾಲ ಹೊಡೆತಕ್ಕೂ ಅತ್ಯಾಚಾರಕ್ಕೂ ಗುರಿಯಾದದ್ದನ್ನು ಅದು ಬಯಲುಮಾಡಿತು. ಅದೇ ವರುಷದ ನವೆಂಬರದಲ್ಲಿ ಡಬ್ಲಿನ್ ಮಹಾಧರ್ಮಪ್ರಾಂತ್ಯವನ್ನು ಕುರಿತ ಎರಡನೆಯ ವರದಿ ಬಂತು. ಮಕ್ಕಳನ್ನು ಕೆಡಿಸಿದ ಪಾದ್ರಿಗಳ ಮೇಲೆ ದೂರು ಬಂದಾಗ ಸಭೆಯ ಅಧಿಕಾರಿಗಳು ಮಕ್ಕಳ ಕ್ಷೇಮಕ್ಕಿಂತ ಸಭೆಯ ಹೆಸರನ್ನೂ ಆಸ್ತಿಯನ್ನೂ ಕಾಪಾಡಿಕೊಂಡರೆಂದು ಅದು ತೀರ್ಮಾನಿಸಿತು. 2010ನೆಯ ಮಾರ್ಚಿಯಲ್ಲಿ ಪೋಪ್ 16ನೆಯ ಬೆನೆಡಿಕ್ಟರು ಐರ್ಲೆಂಡಿನ ಕಥೋಲಿಕರಿಗೆ ಪತ್ರ ಬರೆದು ವ್ಯಥೆಯನ್ನು ತಿಳಿಸಿದರು.

ಇಲ್ಲಿ ಮೊದಲನೆಯ ದುಃಖವು ಆ ಮಕ್ಕಳದು. ಇದನ್ನು ಮರೆತು ಪಾದ್ರಿಗಳ ಕಷ್ಟವನ್ನು ಮಾತ್ರ ಹೇಳುವವನು ನ್ಯಾಯವನ್ನು ತಿರುವಿಹಾಕುತ್ತಾನೆ. ಆದರೂ ಎರಡನೆಯ ದುಃಖವೊಂದು ಇತ್ತು. ತಪ್ಪುಮಾಡದ ಪಾದ್ರಿಗಳೂ ಬೀದಿಯಲ್ಲಿ ತಲೆತಗ್ಗಿಸಿ ನಡೆಯಬೇಕಾಯಿತು. ಪಾದ್ರಿಗೆ ಬಿಷಪರು ತಂದೆಯಂತಿದ್ದರು. ಈಗ ದೂರು ಬಂದರೆ ಅವನನ್ನು ಸೇವೆಯಿಂದ ಸರಿಯಹೇಳುವವರೂ ಅವರೇ ಆದರು. ಮಕ್ಕಳ ರಕ್ಷಣೆಗಾಗಿ ಈ ನಿಯಮವು ಬೇಕಾಗಿತ್ತು. ಆದರೆ ತಂದೆಯೂ ವಿಚಾರಕನೂ ಒಬ್ಬನೇ ಆದಾಗ ಮಗನು ಯಾರ ಹತ್ತಿರ ಮನಸ್ಸು ಬಿಚ್ಚಬೇಕು?

4. ಸಂಘವನ್ನು ಕಟ್ಟಿದ ಬಗೆ

2010ನೆಯ ಸೆಪ್ಟೆಂಬರದಲ್ಲಿ ಪೋರ್ಟ್‌ಲೀಶ್ ಊರಿನಲ್ಲಿ ದೇಶದ ನಾನಾ ಕಡೆಗಳಿಂದ ಪಾದ್ರಿಗಳು ಕೂಡಿಬಂದು 'ಕಥೋಲಿಕ ಪಾದ್ರಿಗಳ ಸಂಘ'ವನ್ನು ಆರಂಭಿಸಿದರು. ಮುಂದಾಳುಗಳಲ್ಲಿ ಟೋನಿ ಫ್ಲ್ಯಾನರಿ ಎಂಬವರು ರಿಡೆಂಪ್ಟರಿಸ್ಟ್ ಮಠದವರು; ಬ್ರೆಂಡನ್ ಹೋಬನ್ ಎಂಬವರು ಧರ್ಮಕೇಂದ್ರದ ಪಾದ್ರಿ; ಶಾನ್ ಮ್ಯಾಕ್‌ಡೊನಾ ಎಂಬವರು ಫಿಲಿಪ್ಪೀನ್ ದ್ವೀಪಗಳಲ್ಲಿ ಮಿಶನ್ ಕೆಲಸ ಮಾಡಿದವರು. ಹೀಗೆ ಮಠದವರೂ ಧರ್ಮಕೇಂದ್ರದವರೂ ಒಂದೇ ಪಂಕ್ತಿಯಲ್ಲಿ ಕೂತರು. ಕೆಲವು ವರುಷಗಳೊಳಗೆ ಸದಸ್ಯರು 1,000ಕ್ಕೆ ಮೀರಿದರು.

ಅದರ ಕಟ್ಟಡದಲ್ಲಿ ಎರಡು ವಿಷಯಗಳು ಗಮನಿಸತಕ್ಕವು. ಒಂದನೆಯದಾಗಿ, ಯಾರೂ ಮೇಲಿನಿಂದ ನೇಮಿಸಲ್ಪಡಲಿಲ್ಲ. ಪ್ರತಿಯೊಬ್ಬನೂ ತನ್ನ ಹೆಸರನ್ನು ತಾನೇ ಬರೆದುಕೊಟ್ಟು ಸೇರಿದನು. ಎರಡನೆಯದಾಗಿ, ಒಬ್ಬನನ್ನು ಅಧ್ಯಕ್ಷನಾಗಿ ಕೂಡ್ರಿಸುವ ಬದಲಾಗಿ ಕೆಲವರ ಒಂದು ತಂಡಕ್ಕೆ ನಾಯಕತ್ವವನ್ನು ಒಪ್ಪಿಸಿದರು. ಸಂಬಳವನ್ನು ಹೆಚ್ಚಿಸಿಕೊಳ್ಳುವದು ಅವರ ಉದ್ದೇಶವಲ್ಲ. ಸಭೆಯ ಸಂಗತಿಗಳನ್ನು ಬಿಚ್ಚುಮನಸ್ಸಿನಿಂದ ಮಾತಾಡುವದಕ್ಕೂ, 1962ರಿಂದ 1965ರ ವರೆಗೆ ಕೂಡಿದ ಎರಡನೆಯ ವತಿಕಾನ ಮಹಾಸಭೆಯ ಸುಧಾರಣೆಗಳನ್ನು ಪೂರ್ತಿಯಾಗಿ ನಡಿಸಬೇಕೆಂದು ಕೇಳುವದಕ್ಕೂ, ಒಬ್ಬರಿಗೊಬ್ಬರು ಆಸರೆಯಾಗುವದಕ್ಕೂ ಅವರು ಕೂಡಿದರು.

ಇಂಥ ಕೂಟಕ್ಕೆ ಅವರ ಸಭೆಯ ಕಟ್ಟಳೆಯಲ್ಲಿ ಆಧಾರವುಂಟೋ ಎಂದು ಕೇಳಬಹುದು. ಉಂಟು. ಪಾದ್ರಿಗಳ ಸೇವೆಯನ್ನು ಕುರಿತು ಆ ಮಹಾಸಭೆಯು 1965ನೆಯ ಡಿಸೆಂಬರ 7ರಂದು ಪ್ರಕಟಿಸಿದ ಲೇಖನದ 8ನೆಯ ಭಾಗವು, ಪಾದ್ರಿಗಳು ತಮ್ಮಲ್ಲಿ ರೋಗಿಗಳನ್ನೂ ಕೆಲಸದಿಂದ ಬಳಲಿದವರನ್ನೂ ಒಂಟಿಗರನ್ನೂ ನೋಡಿಕೊಳ್ಳಬೇಕೆಂದು ಬೋಧಿಸುತ್ತದೆ. ಅಧಿಕಾರಿಗಳ ಒಪ್ಪಿಗೆ ಹೊಂದಿದ ಪಾದ್ರಿಸಂಘಗಳನ್ನು ಮೆಚ್ಚಿಕೊಳ್ಳುತ್ತದೆ. 1983ರ ಸಭಾಕಾನೂನಿನ 278ನೆಯ ವಿಧಿಯು, ತಮ್ಮ ಪದವಿಗೆ ತಕ್ಕ ಉದ್ದೇಶಗಳಿಗಾಗಿ ಧರ್ಮಪ್ರಾಂತ್ಯದ ಪಾದ್ರಿಗಳು ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಒಪ್ಪುತ್ತದೆ. ಆ ಪದವಿಗೆ ಹೊಂದದ ಸಂಘಗಳನ್ನು ಬಿಡಬೇಕೆಂದೂ ಹೇಳುತ್ತದೆ.

ಬೇರೆ ದೇಶಗಳಲ್ಲಿಯೂ ಇಂಥ ಪ್ರಯತ್ನಗಳಾದವು. ಅಮೇರಿಕದಲ್ಲಿ 1968ರಲ್ಲಿ ನಾನಾ ಧರ್ಮಪ್ರಾಂತ್ಯಗಳ ಪಾದ್ರಿಮಂಡಳಿಗಳು ಕೂಡಿ ಚಿಕಾಗೋ ಪಟ್ಟಣದಲ್ಲಿ ಒಕ್ಕೂಟವನ್ನು ಮಾಡಿಕೊಂಡವು. ಅಲ್ಲಿಯೇ 2011ರಲ್ಲಿ, ಮಂಡಳಿಗಳ ಮೂಲಕವಲ್ಲ, ಒಬ್ಬೊಬ್ಬನೇ ಸ್ವಂತವಾಗಿ ಸೇರುವ ಇನ್ನೊಂದು ಸಂಘವು ಹುಟ್ಟಿತು.

5. ಒಬ್ಬ ನಿರಪರಾಧಿಯ ಸಂಗತಿ

ಸಂಘದ ಪ್ರಯೋಜನವು ಬೇಗನೆ ಪರೀಕ್ಷೆಗೆ ಬಂತು. 2011ನೆಯ ಮೇ ತಿಂಗಳಲ್ಲಿ ಐರ್ಲೆಂಡಿನ ರಾಷ್ಟ್ರೀಯ ದೂರದರ್ಶನ ಸಂಸ್ಥೆಯು ಗಾಲ್ವೇ ಪ್ರಾಂತದ ಒಬ್ಬ ಪಾದ್ರಿಯನ್ನು ಕುರಿತು ಘೋರವಾದ ಆರೋಪವನ್ನು ದೇಶಕ್ಕೆಲ್ಲಾ ಸಾರಿತು. ಹೇಗಂದರೆ, ಅವರು ಪೂರ್ವದಲ್ಲಿ ಆಫ್ರಿಕದ ಕೆನ್ಯದಲ್ಲಿ ಮಿಶನ್ ಸೇವೆಯಲ್ಲಿದ್ದಾಗ ಪ್ರಾಯಬಾರದ ಒಬ್ಬ ಹುಡುಗಿಯನ್ನು ಕೆಡಿಸಿ ಮಗುವಿಗೆ ತಂದೆಯಾದರೆಂದು. ಇದು ಸುಳ್ಳು, ಪಿತೃತ್ವದ ಪರೀಕ್ಷೆಗೆ ಸಿದ್ಧನಿದ್ದೇನೆ ಎಂದು ಅವರು ಮುಂಚಿತವಾಗಿಯೇ ತಿಳಿಸಿದ್ದರು. ಆದರೂ ಸಂಸ್ಥೆಯು ನಿಲ್ಲಲಿಲ್ಲ. ಅವರು ಧರ್ಮಕೇಂದ್ರದ ಸೇವೆಯನ್ನು ಬಿಟ್ಟು ಮನೆಯಿಂದ ಹೊರಡಬೇಕಾಯಿತು.

ಇಂಥ ಗಳಿಗೆಯಲ್ಲಿ ಸ್ನೇಹಿತರೂ ದೂರ ಸರಿಯುವದುಂಟು. ಹೊಸದಾದ ಸಂಘವು ಸರಿಯಲಿಲ್ಲ. ಅದು ಅವರಿಗೆ ವಕೀಲರ ಸಹಾಯವನ್ನು ಒದಗಿಸಿ, ಜೊತೆಯಲ್ಲಿ ನಿಂತಿತು. ಪರೀಕ್ಷೆಯಾಯಿತು, ಅವರು ಆ ಮಗುವಿನ ತಂದೆಯಲ್ಲವೆಂದು ಸಿದ್ಧವಾಯಿತು. ಅದೇ ವರುಷದಲ್ಲಿ ಸಂಸ್ಥೆಯು ಬಹಿರಂಗವಾಗಿ ಕ್ಷಮೆ ಬೇಡಿ ಪರಿಹಾರ ಕೊಟ್ಟಿತು. 2012ರಲ್ಲಿ ಅದಕ್ಕೆ 2,00,000 ಯೂರೋ ದಂಡ ವಿಧಿಸಲ್ಪಟ್ಟಿತು. ಪಾದ್ರಿಯು ತನ್ನ ಜನರ ಬಳಿಗೆ ತಿರಿಗಿ ಬಂದರು.

ವಾಚಕರೇ, ಇಲ್ಲಿ ಒಂದು ಸೂಕ್ಷ್ಮವನ್ನು ಕಾಣಿರಿ. ವಿಚಾರಣೆ ಬೇಡವೆಂದು ಆ ಪಾದ್ರಿಯು ಕೇಳಲಿಲ್ಲ. ಪರೀಕ್ಷೆಮಾಡಿರೆಂದು ತಾನೇ ಮುಂದೆ ಬಂದನು. ಜೊತೆಗಾರರು ಸತ್ಯಕ್ಕೆ ಅಡ್ಡ ನಿಲ್ಲಲಿಲ್ಲ. ಸತ್ಯವು ಹೊರಗೆ ಬರುವ ವರೆಗೆ ಅವನನ್ನು ಒಂಟಿಯಾಗಿ ಬಿಡಲಿಲ್ಲ. ಒಬ್ಬನ ಭಾರವನ್ನು ಹೊರುವದೂ ಒಬ್ಬನ ತಪ್ಪನ್ನು ಮುಚ್ಚುವದೂ ಬೇರೆ ಬೇರೆ. ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಪರಸ್ಪರ ಭಾರ ಹೊರಬೇಕೆಂದು ಬೋಧಿಸಿ, ಒಡನೆಯೇ ಪ್ರತಿಯೊಬ್ಬನು ತನ್ನ ಕೆಲಸವನ್ನು ತಾನೇ ಪರೀಕ್ಷಿಸಿಕೊಂಡು ತನ್ನ ಹೊರೆಯನ್ನು ತಾನೇ ಹೊರತಕ್ಕದ್ದೆಂದೂ ಹೇಳುತ್ತಾನೆ. ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವಲ್ಲ. ನೋವಿಗೆ ಹೆಗಲು ಕೊಡಬಹುದು. ಅಪರಾಧದ ಲೆಕ್ಕವನ್ನು ಬೇರೊಬ್ಬನು ಒಪ್ಪಿಸಲಾರನು.

6. ಸಂಘಕ್ಕೆ ಬಂದ ಶೋಧನೆಗಳು

ಮೊದಲನೆಯ ಶೋಧನೆ ಮೇಲಿನಿಂದ ಬಂತು. ಯಾಜಕತ್ವದ ಆರಂಭವನ್ನೂ ಸಭೆಯ ಇತರ ಉಪದೇಶಗಳನ್ನೂ ಕುರಿತು ಬರೆದದ್ದರ ನಿಮಿತ್ತ ಟೋನಿ ಫ್ಲ್ಯಾನರಿಯವರನ್ನು 2012ರಲ್ಲಿ ರೋಮಾಪುರದ ಅಧಿಕಾರಿಗಳು ಬಹಿರಂಗ ಸೇವೆಯಿಂದ ತಡೆದರು. ಆ ತಡೆಯು ಹಲವು ವರುಷ ಮುಂದುವರಿಯಿತು. ಸಂಘವು ಅವರನ್ನು ಬಿಟ್ಟುಕೊಡಲಿಲ್ಲ. ಆದರೆ ಪಾದ್ರಿಗಳಲ್ಲಿ ಕೆಲವರಿಗೆ ಸಂಘದ ಅಭಿಪ್ರಾಯಗಳು ಒಪ್ಪಿಗೆಯಾಗಲಿಲ್ಲ. ಆಸರೆಗಾಗಿ ಕೂಡುವವರೂ ಸುಧಾರಣೆಗಾಗಿ ವಾದಿಸುವವರೂ ಒಂದೇ ಮಾಡಿನ ಕೆಳಗಿದ್ದರೆ ಈ ತೊಡಕು ಬಂದೇ ಬರುವದು. ವಾದದಲ್ಲಿ ಭಿನ್ನವಾಗಿರುವವನಿಗೂ ರೋಗ ಬಂದಾಗ ಬಾಗಿಲು ತೆರೆದಿರಬೇಕು.

ಎರಡನೆಯ ಶೋಧನೆ ಒಳಗಿನದು. ಪಾದ್ರಿಗಳೇ ಕೂಡಿ ಪಾದ್ರಿಗಳನ್ನೇ ಕಾಯುವದಾದರೆ ಸಭೆಯ ಜನರು ಹೊರಗೆ ಉಳಿಯುವ ಅಪಾಯವುಂಟು. 2012ನೆಯ ಮೇ 7ರಂದು ಡಬ್ಲಿನ್ ಪಟ್ಟಣದಲ್ಲಿ ಸಂಘವು ಕೂಡಿಸಿದ ಕೂಟಕ್ಕೆ 1,000ಕ್ಕಿಂತ ಹೆಚ್ಚು ಮಂದಿ ಬಂದರು. ಅವರಲ್ಲಿ ಪಾದ್ರಿಗಳಲ್ಲದ ಗಂಡಸರೂ ಹೆಂಗಸರೂ ಬಹಳ ಇದ್ದರು. ಇದು ಒಳ್ಳೆಯ ದಾರಿ. ಕಿಟಕಿಯಿಲ್ಲದ ಮನೆಯಲ್ಲಿ ದೀಪವೂ ಹೊಗೆಯಾಗುತ್ತದೆ.

ಮೂರನೆಯದು ಕಾಲದಿಂದ ಬಂದದ್ದು. ಸಂಘವನ್ನು ಕಟ್ಟಿದವರಲ್ಲಿ ಹೆಚ್ಚಿನವರು ಪ್ರಾಯ ಸಂದವರು. ವರುಷಗಳು ಹೋದಂತೆ ಸುಧಾರಣೆಯ ಮಾತಿನೊಂದಿಗೆ ಮುದಿ ಪಾದ್ರಿಗಳ ಆರೋಗ್ಯ, ದಣಿವು, ಒಂಟಿತನ ಇವುಗಳ ಚಿಂತೆಯೂ ಸಂಘದ ಮುಂದೆ ದೊಡ್ಡದಾಯಿತು.

7. ನಮಗಿರುವ ಬೋಧನೆ

ನಮ್ಮ ಹಳ್ಳಿಯ ಸಭೆಗಳಲ್ಲಿ ಉಪದೇಶಿಗೆ ಹೆಂಡತಿಮಕ್ಕಳಿರಬಹುದು. ಆದರೂ ಮೂರು ನಾಲ್ಕು ಹಳ್ಳಿಗಳನ್ನು ಒಬ್ಬನೇ ನೋಡಿಕೊಳ್ಳುವವನು ತನ್ನ ಕೆಲಸದ ಕಷ್ಟವನ್ನು ತನ್ನಂಥ ಇನ್ನೊಬ್ಬ ಕೆಲಸದವನಿಗೇ ಸರಿಯಾಗಿ ತಿಳಿಸಬಲ್ಲನು. ಆದುದರಿಂದ ಉಪದೇಶಿಗಳು ತಿಂಗಳಿಗೊಮ್ಮೆ ಕೂಡುವಾಗ ಲೆಕ್ಕಪತ್ರಗಳನ್ನು ಒಪ್ಪಿಸಿ ಎದ್ದುಹೋಗಬಾರದು. ಒಬ್ಬರ ಸಂಗತಿಯನ್ನು ಒಬ್ಬರು ಕೇಳಲಿ, ಕೂಡಿ ಪ್ರಾರ್ಥಿಸಲಿ, ಕೂಡಿ ಊಟಮಾಡಲಿ. ಬಾರದವನ ಮನೆಗೆ ಒಬ್ಬನಾದರೂ ಹೋಗಲಿ. ಒಬ್ಬನ ಮೇಲೆ ದೂರು ಬಂದರೆ ಎರಡು ಕೆಲಸಗಳನ್ನು ಜೊತೆಯಾಗಿ ಮಾಡಬೇಕು: ದೂರನ್ನು ತಂದವನ ಮಾತನ್ನು, ವಿಶೇಷವಾಗಿ ಮಗುವಿನ ಮಾತನ್ನು, ಭಯಭಕ್ತಿಯಿಂದ ಕೇಳಿ ವಿಚಾರಣೆಗೆ ಒಪ್ಪಿಸಬೇಕು, ವಿಚಾರಣೆ ಮುಗಿಯುವ ವರೆಗೆ ಆರೋಪ ಹೊತ್ತವನಿಗೆ ಮನುಷ್ಯರ ಮುಖವು ಕಾಣದಂತಾಗಬಾರದು. ಇವೆರಡರಲ್ಲಿ ಒಂದನ್ನು ಬಿಟ್ಟರೆ ಮತ್ತೊಂದು ಕೆಡುತ್ತದೆ.

ಸಭೆಯ ಹಿರಿಯರೇ, ನಿಮಗೂ ಪಾಲುಂಟು. ನಿಮ್ಮ ಬೋಧಕನ ಕೈ ಸೋತಾಗ ಅವನ ನಂಬಿಕೆಯನ್ನು ಅಳೆಯುವದಕ್ಕೆ ಹೋಗದೆ, ಕೂತುಕೊಳ್ಳುವದಕ್ಕೆ ಒಂದು ಕಲ್ಲನ್ನು ತಂದಿಡಿರಿ. ಒಂದು ಪಕ್ಕದಲ್ಲಿ ನೀವು ನಿಲ್ಲಿರಿ. ಮತ್ತೊಂದು ಪಕ್ಕದಲ್ಲಿ ಅವನ ಜೊತೆಕೆಲಸದವನಿಗೆ ಸ್ಥಳ ಕೊಡಿರಿ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಎಲೀಯನ ದುಃಖಕ್ಕೆ ದೇವರು ಮೊದಲು ಏನನ್ನು ಕೊಟ್ಟನು, ಅನಂತರ ಏನನ್ನು ತಿಳಿಸಿದನು? ಈ ಕ್ರಮದಿಂದ ನಾವು ಏನು ಕಲಿಯುತ್ತೇವೆ?
2. ಐರ್ಲೆಂಡಿನ ಪಾದ್ರಿಗಳು ಸಂಘ ಕಟ್ಟುವದಕ್ಕೆ ಕಾರಣಗಳು ಯಾವವು?
3. ಭಾರವನ್ನು ಹೊರುವದಕ್ಕೂ ತಪ್ಪನ್ನು ಮುಚ್ಚುವದಕ್ಕೂ ಇರುವ ಭೇದವನ್ನು ಒಂದು ಉದಾಹರಣೆಯಿಂದ ತೋರಿಸಿರಿ.
4. ಸ್ವಂತ ಮನಸ್ಸಿನಿಂದ ಸೇರುವ ಸಂಘಕ್ಕೂ ಮೇಲಿನವರು ನೇಮಿಸಿದ ಮಂಡಳಿಗೂ ಇರುವ ಲಾಭಗಳೇನು, ಕೊರತೆಗಳೇನು?
5. ನಿಮ್ಮ ಸಭೆಯ ಬೋಧಕನು ಕಳೆದ ವರುಷದಲ್ಲಿ ಎಷ್ಟು ದಿವಸ ವಿಶ್ರಾಂತಿ ಪಡೆದನು? ಅದನ್ನು ಯಾರು ವಿಚಾರಿಸಿದರು?